ಮೂರು ಬೆಲ್ಟ್

ಸನತ್‌ನಗರದ ಆ ಸಣ್ಣ ಕಾರ್ಖಾನೆಯಲ್ಲಿ ಹಳೆಯ ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರವೊಂದಿತ್ತು. ಅಲ್ಲಿ ಕಸ ಗುಡಿಸುವ ಹಂಪಮ್ಮನಿಗೆ ತನ್ನ ಮಾತಿನಲ್ಲಿ ಮಾತಾಡಲು ಸಿಗುತ್ತಿದ್ದವನು ಫಿಟ್ಟರ್ ವೈಜನಾಥ ಒಬ್ಬನೇ. ಯಾದಗಿರಿ ಕಡೆಯಿಂದ ಬಂದು ವರ್ಷಗಳಾದರೂ ತೆಲುಗು ಆಕೆಯ ಕಿವಿಗೆ ಬೀಳುತ್ತಿತ್ತೇ ಹೊರತು ಎದೆಗೆ ಇಳಿದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯಲ್ಲಿ "ಉಂಡ್ಯಾ?" ಅನ್ನುವವರೂ ಇಲ್ಲ.

ವೈಜನಾಥ ತನ್ನೂರು ಭಾಲ್ಕಿಗೆ ವಾಪಸು ಹೊರಟಿದ್ದ. ಹೆಂಡತಿ ಗುರುದೇವಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು. ಆದರೆ ಯಂತ್ರ ನೋಡಿಕೊಳ್ಳುವವರು ತಯಾರಾಗದೆ ಕಾರ್ಖಾನೆಯ ಮಾಲೀಕ ಸೇಠ್ ಬಿಡಲೊಲ್ಲ. ಹೊಸಬರು ಯಾರೂ ನಿಲ್ಲುತ್ತಿಲ್ಲವೆಂದು, ಹಂಪಮ್ಮನಿಗೇ ಕಲಿಸು ಎಂದುಬಿಟ್ಟಿದ್ದ.

ತಾನು ಕಲಿತರೆ ಅವನು ಹೋಗುತ್ತಾನೆ. ಅಷ್ಟು ಹಂಪಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೋಡ್ರಿ ಅಕ್ಕಾರ, ಮೋಟರ್ ತಿರುಗಿದ ಬಲ ಈ ಮೂರು ಬೆಲ್ಟಿನಿಂದ ದೊಡ್ಡ ಗಾಲಿಗೆ ಹೋಗತೈತಿ. ಸಣ್ಣ ಗಾಲಿ ಗಿರಗಿರ ತಿರಗತೈತಿ, ದೊಡ್ಡದು ನಿಧಾನ. ಆದ್ರ ಜೋರು ದೊಡ್ಡದರದ್ದು."

"ಅತ್ತಿ ಸೊಸಿ ಇದ್ದಂಗ. ಓಡ್ಯಾಡೂದು ಸೊಸಿ, ಜೋರು ಅತ್ತೀದು."

ವೈಜನಾಥ ಪಕಪಕ ನಕ್ಕ. ಆ ನಗು ಕೇಳಲೆಂದೇ ಆಕೆ ಮರುದಿನ ಮತ್ತೆ ಮೊದಲಿನಿಂದ ಹೇಳಿಸಿಕೊಂಡಳು.

ಹೀಗಿರಲು ಒಂದು ಮುಂಜಾನೆ ಮೂರು ಬೆಲ್ಟುಗಳಲ್ಲಿ ಒಂದು ಹರಿಯಿತು. ವೈಜನಾಥ ಬರುವಷ್ಟರಲ್ಲಿ ಹಂಪಮ್ಮ ಹರಿದದ್ದೊಂದನ್ನೇ ತೆಗೆದು ಹೊಸದು ಹಾಕಿದ್ದಳು. ಅವನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಹೊಸದು ಬಿಗಿ, ಹಳೆಯವೆರಡೂ ಸಡಿಲ.

"ಇದು ನಡಿಯೂದಿಲ್ರಿ. ಹಳೇವು ಸುಮ್ಮನ ತಿರಗತಾವ, ಭಾರೆಲ್ಲಾ ಹೊಸದೊಂದರ ಮ್ಯಾಲೆ. ಅದೂ ಲಗೂನ ಹರೀತೈತಿ. ಬದಲಿಸಿದ್ರ ಮೂರೂ ಬದಲಿಸಬೇಕು."

"ಗಟ್ಟಿ ಇದ್ದದ್ದು ಬಿಸಾಕೂದ? ಕೌದ್ಯಾಗ ಹಳೇ ಸೀರಿ, ಹೊಸ ಅರಿವಿ ಎಲ್ಲಾ ಕೂಡಿಸಿ ಹೊಲೀತೀವಲ್ರಿ."

"ಕೌದಿ ಮಕ್ಕೊಳ್ಳಾಕ್ರಿ ಯಕ್ಕಾ. ಇದು ದುಡಿಯಾಕ."

ಮಾತು ಹಂಪಮ್ಮನಿಗೆ ನೆಟ್ಟಗೆ ತಿಳಿಯಿತು. ಆದರೂ ಅವನು ಮೂರು ಹೊಸ ಬೆಲ್ಟು ತಂದುಕೊಟ್ಟಾಗ ಮೋಟರನ್ನು ಬೇಕೆಂದೇ ಓರೆ ಕೂಡಿಸಿದಳು. ವೈಜನಾಥ ಬೈಯಲಿಲ್ಲ. ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, "ಉಂಡು ಮಾಡೂಣು ಬರ್ರಿ" ಎಂದ.

ರೊಟ್ಟಿ ಬಿಚ್ಚುವಾಗ ಅವನ ಫೋನು ರಿಂಗಾಯಿತು. ಕೈ ಎಂಜಲೆಂದು ಸ್ಪೀಕರ್ ಹಾಕಿ ನೆಲಕ್ಕಿಟ್ಟ.

"ಯಾವಾಗ ಬರ್ತೀರಿ?" ಗುರುದೇವಿಯ ದನಿ.

"ಕಲಿಸಾಕತ್ತೀನಿ. ಅಕ್ಕಾರಿಗೆ ಇನ್ನೂ ತಿಳಿವಲ್ದು."

"ಪಾಪ, ಬೈಬ್ಯಾಡ್ರಿ ಆಕೀಗೆ. ನಾನೂ ಎಡಗೈಲೆ ಹಿಟ್ಟು ನಾದೂದು ಕಲಿಯಾಕತ್ತೀನಿ. ನನಗೂ ತಿಳಿವಲ್ದು."

ಹಂಪಮ್ಮ ಮುರಿದ ತುತ್ತನ್ನು ಬುತ್ತಿಯಲ್ಲೇ ಬಿಟ್ಟು ಎದ್ದಳು. ಯಾರೂ ಯಂತ್ರ ಚಾಲೂ ಮಾಡದಿರಲೆಂದು ಫ್ಯೂಜು ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಮೋಟರಿನ ಬೋಲ್ಟು ಸಡಿಲಿಸಿ, ಮುಂದೆ ಸರಿಸಿ, ಬೆಲ್ಟುಗಳನ್ನು ಒಂದೊಂದಾಗಿ ಕೂಡಿಸಿ, ಮೋಟರನ್ನು ಹಿಂದಕ್ಕೆಳೆದಳು. ಎರಡೂ ಗಾಲಿಗಳ ಅಂಚಿಗೆ ದಾರ ಹಿಡಿದು ನೋಡಿದಳು. ಎಲ್ಲೂ ಸಂದಿಲ್ಲ, ಓರೆಯಿಲ್ಲ. ಬೋಲ್ಟು ಬಿಗಿದು ಹೆಬ್ಬೆರಳಿನಿಂದ ಒತ್ತಿದಳು.

"ಸಾಕೇನ್ರಿ?"

ವೈಜನಾಥ ಉಣ್ಣುವ ಕೈ ಹಾಗೇ ಹಿಡಿದು ಕೂತಿದ್ದ. "ಸಾಕ್ರಿ," ಎಂದ. ಆಮೇಲೆ ನೇರ ಕೂತ ಬೆಲ್ಟುಗಳನ್ನು ನೋಡಿ, "ನಿಮಗ ಎಲ್ಲಾ ಬರತಿತ್ತು."

"ಸೇಠಗ ಹೇಳ್ರಿ. ನಾಳಿ ಬಸ್ ಹಿಡೀರಿ."

ಹೋಗುವಾಗ ಬೋಲ್ಟು ಬಿಗಿಯುವ ತನ್ನ ಪಾನಾ ಆಕೆಯ ಕೈಗೆ ಕೊಟ್ಟು ಹೋದ.

ಹೊಸ ಬೆಲ್ಟು ದುಡಿದ ಮೇಲೆ ಕೊಂಚ ಜಗ್ಗುತ್ತದೆ, ಮತ್ತೆ ಬಿಗಿಯಬೇಕು ಎಂದು ಅವನು ಹೇಳಿದ್ದ. ಆ ದಿನ ಬಂತು. ಹಂಪಮ್ಮ ಮತ್ತೆ ಫ್ಯೂಜು ಕಿತ್ತು ಸೆರಗಿಗೆ ಕಟ್ಟಿಕೊಂಡು, ಪಾನಾ ಹಿಡಿದು ಬಿಗಿದಳು, ಹೆಬ್ಬೆರಳಿನಿಂದ ಒತ್ತಿದಳು.

"ಸಾಕೇನ್ರಿ?"

ಆಚೆ ಮೂಟೆ ಹೊಲಿಯುತ್ತಿದ್ದವರು ತಲೆಯೆತ್ತಿ ನೋಡಿ, ತಮಗಲ್ಲವೆಂದು ಮತ್ತೆ ತಗ್ಗಿಸಿದರು. ಹಂಪಮ್ಮ ಸೆರಗಿನ ಗಂಟು ಬಿಚ್ಚಿ, ಫ್ಯೂಜು ಹಾಕಿ, ಸ್ವಿಚ್ ಒತ್ತಿದಳು.