ಗಿಳಿ ಓಡಿಸಲು ಕಟ್ಟಿದ ಡಿಸ್ಕು

"ಮೆಟ್ಟಲ ಕೆಳಗಿನ ಆ ಡಿಸ್ಕೆಲ್ಲಾ ಕೊಟ್ರಪ್ಪಗ ಕೊಟ್ಟೆ ನೋಡವಾ" ಎಂದರು ನಮ್ಮ ಅತ್ತೆ ಶೇಖರಮ್ಮ, ಮೆಂತ್ಯದ ಸೊಪ್ಪು ಸೋಸುತ್ತ. "ಸೂರ್ಯಪಾನದ ಹೊಲಕ್ಕ ಗಿಳಿ ಭಾಳ ಬೀಳಾಕತ್ತಾವಂತ. ದಾರಕ್ಕ ಕಟ್ಟಿದ್ರ ಬಿಸಲಿಗೆ ಮಿಂಚತಾವು, ಹಕ್ಕಿ ಹೆದರತಾವು. ನಿನಗೂ ಮೂಲಿ ಖಾಲಿ ಆತು."

ಹಕ್ಕಿಯ ಮಾತು ಆಮೇಲಿರಲಿ, ನಾನು ಓಡಿಹೋಗಿ ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ.

"ಒಂದು ಮಾತು ಕೇಳಿ ಕೊಡಬಾರದೇನ್ರಿ ಅತ್ತಿ?"

"ಧೂಳು ತಿನ್ನಾಕತ್ತಿದ್ವು. ಬಂಗಾರೇನು ಅವು?"

ಬಂಗಾರವಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಸ್ಕೂಟಿ ಹತ್ತಿದೆ.

ನಾನು ಕುಷ್ಟಗಿಯಲ್ಲಿ ಮದುವೆ ವಿಡಿಯೊ ಮಾಡುವವಳು. ಕ್ಯಾಮೆರಾ ಹಿಡಿಯುವ ಗಂಡಸರಿಗೆ ಈ ಊರಲ್ಲಿ ಬರವಿಲ್ಲ. ಆದರೆ ಮುಸಲ್ಮಾನರ ಮನೆಗಳಲ್ಲಿ ಹಳದಿ ಶಾಸ್ತ್ರದ ದಿನ ಹೆಂಗಸರ ಕೋಣೆಗೆ ಗಂಡಸು ಕಾಲಿಡುವಂತಿಲ್ಲ, ಅಲ್ಲಿಗೆ ಈ ಅಮೃತಾಳೇ ಬೇಕು. ಬುರ್ಖಾ ಗೂಟಕ್ಕೆ ಹಾಕಿ, ಕೂದಲು ಬಿಟ್ಟುಕೊಂಡು, ಢೋಲಕ್ ಬಡಿಯುತ್ತ ಬೀಗರನ್ನು ಬೈಯುವ ಹಾಡು ಹಾಡುವ ಆ ಹೆಂಗಸರು ನನ್ನೆದುರು ಒಂದಿಷ್ಟೂ ಮುಚ್ಚುಮರೆ ಮಾಡುವುದಿಲ್ಲ. ಅದಕ್ಕೊಂದು ಕರಾರು ಉಂಟು. ಮಾಡುವುದು ಒಂದೇ ಡಿಸ್ಕು, ಕೊಡುವುದು ಮನೆಯ ಹಿರಿಯಳ ಕೈಗೆ. ಆಮೇಲೆ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಬೇಕು.

ಶಹನಾಜಬೇಗಂ ತಮ್ಮ ಮಗಳು ಶಮೀನಾಳ ಹಳದಿಯ ವಿಡಿಯೊವನ್ನು ಹೀಗೇ ಅಳಿಸಿಸಿದ್ದರು. "ಇನ್ನ ಎಲ್ಲೂ ಇಲ್ಲಲ್ಲ?" ಎಂದು ಕೇಳಿದ್ದರು. "ಎಲ್ಲೂ ಇಲ್ರಿ ಅಮ್ಮಾರ" ಎಂದಿದ್ದೆ. ಆ ಹೊತ್ತಿಗೆ ಅದು ನಿಜವೆಂದೇ ತಿಳಿದಿದ್ದೆ. ಹಿಂದೆ ಹಾರ್ಡ್ ಡಿಸ್ಕ್ ಕೈಕೊಟ್ಟು ಯಾರದೋ ಮದುವೆ ಪೂರ್ತಿ ಮಣ್ಣುಪಾಲಾಗಿ ಬೈಗುಳ ತಿಂದಿದ್ದೆನಲ್ಲ, ಅಂದಿನಿಂದ ಹಾರ್ಡ್ ಡಿಸ್ಕಿನಲ್ಲಿ ಇದ್ದಬದ್ದದ್ದನ್ನೆಲ್ಲ ಶನಿವಾರ ಶನಿವಾರ ಕಾರ್ಯಕ್ಕೊಂದರಂತೆ ಡಿವಿಡಿ ಡಿಸ್ಕಿಗೆ ಇಳಿಸಿಡುವುದು ನನ್ನ ರೂಢಿ. ಉಳಿದ ಹಳದಿಗಳನ್ನೆಲ್ಲ ಶನಿವಾರಕ್ಕೆ ಮೊದಲೇ ಅಳಿಸಿಸಿದ್ದರು, ಶಹನಾಜಬೇಗಂ ಬಂದು ಅಳಿಸಿಸಿದ್ದು ಮಾತ್ರ ಸೋಮವಾರ. ಶನಿವಾರದ ಡಿಸ್ಕು ಆಗಲೇ ಮೆಟ್ಟಿಲ ಕೆಳಗೆ ಸೇರಿತ್ತು. ಮೊನ್ನೆ ಕಸ ಹೊಡೆಯುವಾಗ ಕೈಗೆ ಸಿಕ್ಕಿತು. ಮುರಿದು ಹಾಕಬೇಕೆಂದು ಎಲ್ಲದರ ಮೇಲೆ ಎತ್ತಿಟ್ಟೆ, ಅಷ್ಟರಲ್ಲಿ ಗಿರಾಕಿ ಬಂದರು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ದಪ್ಪಗೆ 'ಶಮೀನಾ ಹಳದಿ' ಎಂದು ಬರೆದಿದೆ.

ಹನುಮಸಾಗರ ರಸ್ತೆಯುದ್ದಕ್ಕೂ ನನಗೆ ಕಂಡದ್ದು ಒಂದೇ. ಯಾವನೋ ಆ ಡಿಸ್ಕು ಹಾಕುತ್ತಾನೆ, ಒಬ್ಬನ ಫೋನಿಗೆ ಕಳಿಸುತ್ತಾನೆ, ಸಂಜೆಯೊಳಗೆ ಇಡೀ ತಾಲೂಕು ನೋಡುತ್ತದೆ. ಶಮೀನಾ ಗಂಗಾವತಿಯ ಗಂಡನ ಮನೆಯಲ್ಲಿ ಬಾಳುವೆ ಮಾಡುತ್ತಿರುವ ಹುಡುಗಿ. ಅವಳ ಗತಿ ಏನು?

ಕೊಟ್ರಪ್ಪ ಅತ್ತೆಯ ದೂರದ ತಮ್ಮ. ಅವನ ಸೂರ್ಯಕಾಂತಿ ಹೊಲದಲ್ಲಿ ಸಾಲಿಗೊಂದು ದಾರ ಎಳೆದು ಡಿಸ್ಕು ತೂಗುಬಿಟ್ಟಿದ್ದ. ಗಾಳಿಗೆ ಅವೆಲ್ಲ ಗಿರ್ರನೆ ತಿರುಗಿ ಕಣ್ಣಿಗೆ ಹೊಡೆಯುತ್ತಿದ್ದವು.

"ಹಾಡು ಅದಾವೇನಂತ ಒಂದೆರಡು ಟ್ರ್ಯಾಕ್ಟರಿನ ಸಿಡಿ ಪ್ಲೇಯರಿನಾಗ ಹಾಕಿ ನೋಡ್ದೆ, ತಂಗಿ" ಎಂದ ಕೊಟ್ರಪ್ಪ. "ಏನೂ ಬರಲಿಲ್ಲ. ನಮ್ಮ ಓಣಿ ಹುಡುಗ ಯಂಕೇಶ ಕಂಪ್ಯೂಟರಿಗೆ ಹಾಕಿದ್ರ ಬರತಾವ ಅಂದಾನ. ಸಂಜಿಗೆ ಬಂದು ಒಂದಿಷ್ಟು ಒಯ್ತಾನಂತ."

ಸಾಲಿನೊಳಗೆ ನುಗ್ಗಿದೆ. ಆಳೆತ್ತರದ ಗಿಡ, ಮೈಗೆಲ್ಲ ತರಚುವ ಎಲೆ. ಒಂದೊಂದು ಡಿಸ್ಕನ್ನೂ ಹಿಡಿದು ನಿಲ್ಲಿಸಿ ಓದಬೇಕು. ತಳಕಲ್ ಮದುವೆ, ಯಲಬುರ್ಗಾ ನಾಮಕರಣ, ಯಾರದೋ ಗೃಹಪ್ರವೇಶ. ಇಲ್ಲ, ಇಲ್ಲ, ಇದೂ ಅಲ್ಲ. ದೂರದಲ್ಲಿ ಮೋಟರ್‌ಸೈಕಲ್ ಸದ್ದು ಕೇಳಿದಾಗ ಯಂಕೇಶನೇ ಬಂದನೆಂದು ಅಳುವೇ ಬಂತು. ಅದು ಹಾಲಿನವನದು.

ಸಿಕ್ಕಿತು, ಒಡ್ಡಿನ ಪಕ್ಕದ ಸಾಲಿನಲ್ಲಿ. ದಾರ ಹರಿದು ಮೊಣಕಾಲಿಗೆ ಒತ್ತಿ ಬಗ್ಗಿಸಿದೆ. ಹಾಳಾದ್ದು ಬಗ್ಗುತ್ತದೆ, ಮುರಿಯುವುದಿಲ್ಲ. ಸಿಟ್ಟಿನಿಂದ ಮತ್ತೊಮ್ಮೆ ಒತ್ತಿದಾಗ ಫಟ್ಟೆಂದು ಒಡೆದು ಬೆರಳು ಕೊಯ್ದಿತು. ಆ ತುಣುಕುಗಳನ್ನೂ ಮತ್ತೆ ಮುರಿದೆ. ಕೈಗೆ ಸಿಕ್ಕಷ್ಟನ್ನು ಆರಿಸಿ ಚೀಲಕ್ಕೆ ಹಾಕಿಕೊಂಡು ಅಲ್ಲೇ ಒಡ್ಡಿನ ಮೇಲೆ ಕೂತುಬಿಟ್ಟೆ.

"ಗಿಳಿಗಿಂತ ನೀನ ಹೆಚ್ಚು ಹೆದರಿದೆಲ್ಲ" ಎಂದು ಕೊಟ್ರಪ್ಪ ನಕ್ಕ. ನನಗೂ ನಗು ಬಂತು. ಬದುಕಿದೆ ಅನಿಸಿತು.

ಮನೆ ಮುಂದಿನ ನನ್ನ ವಿಡಿಯೊ ಅಂಗಡಿಗೆ ಬಂದರೆ ಶಹನಾಜಬೇಗಂ ಕೂತಿದ್ದರು.

ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಯಂಕೇಶ ಮೊದಲೇ ನೋಡಿರಬೇಕು. ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

"ಶಟರ್ ಅರ್ಧ ಎಳಿ, ಬೇಟಿ" ಎಂದರು ಅವರು. ಎಳೆದೆ.

"ನಮ್ಮ ಅಮ್ಮ ಹೋದ್ಲಲ್ಲ, ಇಮಾಮಬೀ. ನಲವತ್ತನೇ ದಿನ ಮೊನ್ನೆ ಆತು." ಅವರು ದಸ್ತಿಯಿಂದ ಕಣ್ಣೊರೆಸಿಕೊಂಡರು. "ಆಕಿ ಜಲ್ಮದಾಗ ಒಂದು ಫೋಟೋ ತಗಿಸಿದಾಕಿ ಅಲ್ಲ. ಶಮೀನಾನ ಹಳದಿಯಾಗ ಅಷ್ಟ, ಢೋಲಕ್ ಹಿಡಕೊಂಡು ಹಾಡ್ಯಾಳ. ನೀ ಕೊಟ್ಟ ಡಿಸ್ಕು ಅಲಮಾರಿಯಾಗ ಸೀರಿ ಅರಬಿ ನಡುವ ಇಟ್ಟಿದ್ದೆ. ನಿನ್ನೆ ಹಾಕಿದ್ರ ಬರೇ ತಿರಗತೈತಿ, ಏನೂ ಬರವಲ್ದು."

ನಾನು ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡೆ.

"ನೀ ಮಾತು ಕೊಟ್ಟಾಕಿ, ನನ್ನ ಎದುರಿಗೇ ಅಳಿಸಿದಾಕಿ. ಗೊತ್ತೈತಿ. ಆದ್ರೂ ಎಲ್ಲೆರ ಮರತು ಒಂದು ಉಳದಿದ್ರ..." ಅವರು ನನ್ನ ಕೈ ಹಿಡಿದುಕೊಂಡರು. "ಉಳಿಸಿಕೊಂಡಿದ್ರ ನಾ ಬೈಯೂದಿಲ್ಲ. ಅಲ್ಲಾನ ಆಣಿ, ಬೈಯೂದಿಲ್ಲ."

ಇಲ್ರಿ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆಕೆ ನಂಬಿ ಎದ್ದು ಹೋಗುತ್ತಿದ್ದರು. ಬೆಳಗಿನಿಂದ ನಾನು ಹೆದರಿದ್ದೆಲ್ಲ ನಿಜ ಹೇಳುವ ಈ ಹೆದರಿಕೆಯ ಮುಂದೆ ಏನೂ ಅಲ್ಲ ಅನಿಸಿತು. ಚೀಲ ತಂದು ಮೇಜಿನ ಮೇಲೆ ಸುರಿದೆ.

"ಇವತ್ತ ಮುರಿದೆ ರಿ. ಯಾರದರ ಕೈಗೆ ಸಿಗತೈತಂತ ಹೆದರಿ ಮುರಿದೆ."

ನನ್ನ ಅಕ್ಷರ ಒಡೆದು ಮೂರು ಕಡೆ ಬಿದ್ದಿತ್ತು. ಶಹನಾಜಬೇಗಂ ಬೈಯಲಿಲ್ಲ. ತುಣುಕುಗಳನ್ನು ಒಂದಕ್ಕೊಂದು ಹಚ್ಚಿ ಜೋಡಿಸತೊಡಗಿದರು, ಒಡೆದ ತಾಟು ಕೂಡಿಸುವಂತೆ. ಅಂಚಿನಲ್ಲಿ ಬೆರಳಗಲ ಜಾಗ ಖಾಲಿ ಉಳಿಯಿತು.

"ಇದೆಲ್ಲೈತಿ?"

"ಹೊಲದಾಗ ಸಿಡದಿರಬೇಕ್ರಿ."

"ಅದನ್ನೂ ತಂದು ಅಂಟು ಹಚ್ಚಿದ್ರ, ಹಾಡತೈತೇನು?"

ನೋಡೋಣ ಎಂಬ ಮಾತು ನಾಲಗೆ ತುದಿಗೆ ಬಂದಿತ್ತು.

"ಇಲ್ರಿ ಅಮ್ಮಾರ. ಹಾಡೂದಿಲ್ಲ."

ಅವರು ತುಣುಕುಗಳನ್ನು ಒಂದೊಂದಾಗಿ ದಸ್ತಿಯಲ್ಲಿಟ್ಟು ಗಂಟು ಹಾಕಿದರು. ಇನ್ನು ಈ ಊರಿನ ಯಾವ ಮನೆಯೂ ನನ್ನನ್ನು ಒಳಗೆ ಕರೆಯುವುದಿಲ್ಲ ಎಂದುಕೊಂಡು ನಿಂತಿದ್ದೆ. ಆಕೆ ಬುರ್ಖಾ ಸರಿಮಾಡಿಕೊಂಡು ಎದ್ದರು.

"ಗಾಡಿ ತಗಿ. ಹೊತ್ತು ಮುಳುಗೂದ್ರಾಗ ಹುಡುಕೂಣು. ಹಾಡದಿದ್ರ ಬ್ಯಾಡ, ನಮ್ಮ ಅಮ್ಮನ ತುಣುಕು ಗಿಳಿ ಹೊಲದಾಗ ಬೀಳೂದು ಬ್ಯಾಡ."

ಶಟರ್ ಎತ್ತಿದೆ. ಅವರು ನನ್ನ ಹೆಗಲು ಹಿಡಿದು ಹಿಂದಿನ ಸೀಟಿನಲ್ಲಿ ಕೂತರು, ದಸ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು.