ನನ್ನ ಐವತ್ತು ಬೀಡಿ

ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು, ಕಾವೂರಿನ ದುಗ್ಗಪ್ಪ. ನನ್ನ ಬೆರಳುಗಳ ಬಗ್ಗೆ ನನಗೆ ಸ್ವಲ್ಪ ಅಹಂಕಾರವೇ ಇತ್ತು. ಈ ಮಂಗಾಟ ನಡೆದದ್ದೂ ಅದರಿಂದಲೇ.

ಹೆಂಡತಿ ಹೇಮಾಕ್ಷಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾಳೆ. ಈ ವರ್ಷ ಅವಳ ಬಲಗೈ ಹೆಬ್ಬೆರಳು ಸೋಲತೊಡಗಿತು. ಅತ್ತಾವರದ ಡಾಕ್ಟರ್ ನಜ್ಲಾ ಸೂಜಿ ಚುಚ್ಚಿ, ಕರೆಂಟು ಕೊಟ್ಟು ನೋಡಿ, "ಮೋಟಾರ್ ನ್ಯೂರಾನ್ ಕಾಯಿಲೆ ಇರಬಹುದು, ಇಲ್ಲದೆಯೂ ಇರಬಹುದು. ಮೂರು ತಿಂಗಳು ಕಳೆದು ಬನ್ನಿ. ಕೈ ಇನ್ನೂ ಸೋಲ್ತದಾ ಅಂತ ಗಮನಿಸಿ" ಎಂದರು. ಒಂದೊಂದೇ ಸ್ನಾಯು ಸತ್ತುಹೋಗುವ, ಗುಣವಾಗದ ಕಾಯಿಲೆಯಂತೆ.

ದಿನಕ್ಕೆ ಆರುನೂರು ಕಟ್ಟುತ್ತಿದ್ದವಳು ಐನೂರೈವತ್ತಕ್ಕೆ ಇಳಿದ ದಿನ ಊಟ ಬಿಟ್ಟಳು. ನನಗೆ ನೋಡಲಾಗಲಿಲ್ಲ. ತಾರಸಿಯಲ್ಲಿ ಅಡಗಿ ಕೂತು, ಮೊಬೈಲು ನೋಡಿ ಕಲಿತು, ದಿನಾ ಐವತ್ತು ಬೀಡಿ ಕಟ್ಟಿದೆ. ಅವಳು ಸ್ನಾನಕ್ಕೆ ಹೋದಾಗ ಅವಳ ರಾಶಿಗೆ ಸೇರಿಸಿದೆ. ಲೆಕ್ಕ ಆರುನೂರಾದ ಮೇಲೆ ಅವಳು ಮತ್ತೆ ಉಣ್ಣತೊಡಗಿದಳು. ಗಂಡ ಅಂದರೆ ಹೀಗಿರಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ತಿಂಗಳ ಬಳಿಕ ಡಾಕ್ಟರ ಎದುರು ಹೇಮಾಕ್ಷಿ ಬಾಯಿ ಬಿಟ್ಟಳು. "ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಚೆಕ್ ಮಾಡುವವರು ಮೊದಲು ದಿನಕ್ಕೆ ಎರಡೋ ಮೂರೋ ವಾಪಸ್ ಕೊಡ್ತಿದ್ರು. ಈಗ ಅರುವತ್ತು. ಇವರಿಗೆ ಹೇಳಿರಲಿಲ್ಲ. ವಾಪಸ್ ಬಂದದ್ದನ್ನು ಬಿಚ್ಚಿ ನೋಡುವ ಧೈರ್ಯವೂ ಬರಲಿಲ್ಲ. ನನ್ನ ಕೈ ಹೋಯ್ತು ಡಾಕ್ಟ್ರೇ."

ಡಾಕ್ಟರು ಬರೆಯಲು ಪೆನ್ನು ತೆಗೆದರು. ನಾನು ಅವರ ಫೈಲಿನ ಮೇಲೆ ಕೈ ಇಟ್ಟೆ.

"ಅದನ್ನು ಬರೀಬೇಡಿ ಮೇಡಂ. ಅದರಲ್ಲಿ ಐವತ್ತು ನನ್ನದು."

ಎಲ್ಲ ಹೇಳಿದೆ. ಡಾಕ್ಟರು ಫೈಲು ಅಡ್ಡ ಹಿಡಿದು ನಕ್ಕರು. ಹೇಮಾಕ್ಷಿ ನಗಲಿಲ್ಲ.

"ಮೂರು ತಿಂಗಳು ಬಚ್ಚಲಲ್ಲಿ ಕೂತು ನಾನು ಅತ್ತದ್ದು ನಿಮ್ಮ ಬೀಡಿಗಾ ಮಾರಾಯ್ರೆ?"

ನಾನು ರಾಶಿಗೆ ಬೀಡಿ ಸೇರಿಸುತ್ತಿದ್ದ ಹೊತ್ತಿನಲ್ಲೇ ಅವಳು ಒಳಗೆ ಅಳುತ್ತಿದ್ದಳು. ನನ್ನಂಥ ಬುದ್ಧಿವಂತ ಕಾವೂರಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಈಗಲೂ ಖಚಿತವಾಗಿ ಹೇಳಲಾಗುವುದಿಲ್ಲ, ಇನ್ನೂ ಮೂರು ತಿಂಗಳು ನೋಡೋಣ ಎಂದರು.

ಮನೆಗೆ ಬಂದವಳೇ ಹಿಂದಿನ ದಿನ ವಾಪಸ್ ಬಂದ ಅರುವತ್ತನ್ನೂ ನೆಲಕ್ಕೆ ಸುರಿದು ಆರಿಸತೊಡಗಿದಳು. "ಇದು ನಿಮ್ಮದು. ಇದೂ ನಿಮ್ಮದು. ಇದು ಬೀಡಿಯಾ, ಎಂತ ಇದು?" ನನ್ನದು ಒಂದೂ ಪಾಸಾಗಿರಲಿಲ್ಲ. ಕೊನೆಗೆ ಅವಳ ಮುಂದೆ ಹತ್ತು ಉಳಿದವು.

"ಅವೂ ನನ್ನವೇ" ಎಂದೆ.

"ಅಲ್ಲ. ಇದು ನನ್ನ ಗಂಟು, ನನಗೆ ಗೊತ್ತಾಗ್ತದೆ." ಆ ಹತ್ತನ್ನು ಬದಿಗಿಟ್ಟಳು. "ನಾಳೆಯಿಂದ ನಿಮ್ಮದು ಬೇರೆ ಇಡಿ. ನನ್ನ ಕೈಯಲ್ಲಿ ಇನ್ನೆಷ್ಟು ಬಲ ಉಂಟು ಅಂತ ನನಗೆ ಗೊತ್ತಾಗಬೇಕು."

ಆಮೇಲೆ ಪಕ್ಕದಲ್ಲಿ ಕೂರಿಸಿ ಎಲೆ ಸುತ್ತಲು ಕಲಿಸಿದಳು. ನನ್ನ ಬೆರಳಿನ ಮೇಲೆ ಅವಳ ಹೆಬ್ಬೆರಳಿಟ್ಟು ಒತ್ತಿದಳು. "ಇಷ್ಟು ಬಿಗಿ ಬೇಕು. ನಾನು ಒತ್ತುವುದು ಗೊತ್ತಾಗ್ತದಾ?"

ಜೋರಾಗಿ ಗೊತ್ತಾಗ್ತದೆ ಎಂದು ಸುಳ್ಳು ಹೇಳಲು ಬಾಯಿ ತೆರೆದೆ.

"ಸ್ವಲ್ಪ" ಎಂದೆ. ಅಳು ಬಂತು.

ಅವಳು ಬೆರಳು ತೆಗೆಯಲಿಲ್ಲ.