ತಾನಾಗಿ ಉದುರುವ ಉಣ್ಣೆ

ಕಜ್ಜಿಯೇ ಇರಬಹುದೇ? ಕುರಿಯ ಬೆನ್ನಿನಿಂದ ಬೆರಳಿಗೆ ಕಿತ್ತುಬಂದ ಉಣ್ಣೆಯನ್ನು ಗಿಲ್ಬರ್ಟ್ ಟೆಲ್ಫರ್ ಬೆಳಕಿಗೆ ಹಿಡಿದ. 1905ರಲ್ಲಿ ಉತ್ತರದ ದ್ವೀಪದಿಂದ ಅವನು ತರಿಸಿದ್ದ ಕಂದು ಟಗರು ಜೂನ್ ಬಂದರೆ ಉಣ್ಣೆಯನ್ನು ತಾನಾಗಿಯೇ ಕಳಚುತ್ತಿತ್ತು. ಆ ಗುಣ ಚೆವಿಯಟ್ ಬೆಟ್ಟದ ಬಿಳಿ ಕುರಿಗಳ ಸಂತಾನಕ್ಕೂ ಇಳಿಯಲಿ ಎಂದು ನಾಲ್ಕು ವರ್ಷದಿಂದ ತಳಿ ಕೂಡಿಸುತ್ತಿದ್ದ. ಕತ್ತರಿ ಬೇಡದ, ಹಿಮಕ್ಕೆ ಜಗ್ಗದ ಕುರಿ ಅವನಿಗೆ ಬೇಕಿತ್ತು. ಆದರೆ ಹಾಗೆ ಹುಟ್ಟಿದ ಈ ಕಂದು ಕುರಿಗಳು ಕಲ್ಲುಗೋಡೆಗೆ ಮೈ ಉಜ್ಜುತ್ತಿದ್ದವು. ಕಜ್ಜಿ ಹಿಡಿದ ಕುರಿಯೂ ಹೀಗೆಯೇ ಉಜ್ಜುತ್ತದೆ, ಹೀಗೆಯೇ ಉದುರಿಸುತ್ತದೆ.

ಅದನ್ನು ಕಂಡೇ ಪಕ್ಕದ ಹೊಲದವನಾದ ನಿಕ್ಸನ್ ಹೆಡ್ಲಿ, ದನಕುರಿಗಳ ರೋಗ ತಪಾಸಣೆ ಮಾಡುವ ಇನ್‌ಸ್ಪೆಕ್ಟರಿಗೆ ಹೇಳಿಕಳಿಸಿದ್ದ. ಕಜ್ಜಿ ಎಂದಾದರೆ ಟೆಲ್ಫರ್ ಮನೆಯ ಒಂದು ಕುರಿಯೂ ಈ ವರ್ಷ ಸಂತೆಗೆ ಹೋಗುವಂತಿಲ್ಲ. ರೋಗ ಮುಚ್ಚಿಟ್ಟ ಮಾಲೀಕ ಕೋರ್ಟು ಹತ್ತಬೇಕು. ಕಂದು ಕುರಿಗಳನ್ನಂತೂ ತಾನೇ ಗುಂಡಿಕ್ಕಿ ಕೊಂದು ಹೂಳುವುದಾಗಿ ಅಪ್ಪ ವಾಟ್ ಹೇಳಿದ್ದ.

"ಎಡಿನ್‌ಬರೋದಲ್ಲಿ ಓದಿದ್ದು ಇದೇ ಏನಪ್ಪಾ?" ಹೆಡ್ಲಿ ಗೋಡೆಗೆ ಮೊಣಕೈ ಊರಿ ಗಿಲ್ಬರ್ಟನನ್ನು ಕೇಳಿದ. "ಕುರೀನ ಬೋಳು ಮಾಡೋ ವಿದ್ಯೆ?"

"ನಿನ್ ತಲೆ ಬೋಳಾಗೋಕೆ ನೀನ್ ಯಾವ ಕಾಲೇಜಿಗೆ ಹೋಗಿದ್ದೆ, ನಿಕ್ಸನ್?" ಎಂದ ವಾಟ್, ಮಗನತ್ತ ನೋಡದೆ.

ಅಷ್ಟರಲ್ಲಿ ಬಂದ ಇನ್‌ಸ್ಪೆಕ್ಟರ್ ಕುದುರೆಯಿಂದ ಇಳಿದು ಜೇಬಿನಿಂದ ಭೂತಗನ್ನಡಿ ತೆಗೆದ. "ಕುರಿ ಯಾರವು?"

ನಾಲ್ಕು ವರ್ಷದಿಂದ ವಾಟ್ ಆ ಕುರಿಗಳನ್ನು 'ಮಗನ ಹುಚ್ಚು' ಎಂದೇ ಕರೆಯುತ್ತಿದ್ದ. ಗಿಲ್ಬರ್ಟ್ ಬಾಯಿ ತೆರೆದ.

"ನನ್ನವು," ಎಂದ ವಾಟ್. "ಮಾಲೀಕ ನಾನು. ಏನಿದ್ರೂ ನನಗೇ ಹೇಳಿ."

ಇನ್‌ಸ್ಪೆಕ್ಟರ್ ಉಣ್ಣೆ ಬಿಡಿಸುತ್ತ ಭುಜ, ಬೆನ್ನು, ಬಾಲದ ಬುಡ ನೋಡಿದ. ಗಿಲ್ಬರ್ಟನಿಗೆ ಕುರಿಯ ಉಸಿರು ಮಾತ್ರ ಕೇಳುತ್ತಿತ್ತು.

"ಹುಳ ಇಲ್ಲ, ಹಕ್ಕಳೆ ಇಲ್ಲ. ಚರ್ಮ ಮಗೂದಿದ್ದಂಗಿದೆ," ಎಂದ ಇನ್‌ಸ್ಪೆಕ್ಟರ್. "ಅಡೀಲಿ ಆಗಲೇ ಹೊಸ ಉಣ್ಣೆ ಬಂದ್ಬಿಟ್ಟಿದೆ. ಏನ್ರೀ ಇದು?"

ಗಿಲ್ಬರ್ಟ್ ಕುರಿಯನ್ನು ಮಲಗಿಸಿ ಕತ್ತಿನಿಂದ ಕೈಯಲ್ಲೇ ಬಿಡಿಸತೊಡಗಿದ. ಉಣ್ಣೆ ಎಲ್ಲೂ ಹರಿಯದೆ, ಹೊದ್ದ ಶಾಲು ಜಾರಿದ ಹಾಗೆ ಇಡಿಯಾಗಿ ಬಂತು. ಕುರಿ ಒದೆಯಲೂ ಇಲ್ಲ. ಬಿಟ್ಟಾಗ ಎದ್ದು ಮೈ ಕೊಡವಿತು. ಅದರ ಮರಿ ಗುರುತು ಸಿಗದೆ ಎರಡು ಸಲ ಮೂಸಿ, ಆಮೇಲೆ ಕೆಚ್ಚಲಿಗೆ ಬಾಯಿ ಹಾಕಿತು. ಹುಲ್ಲಿನ ಮೇಲೆ ಹರಡಿದ ಉಣ್ಣೆಯಲ್ಲಿ ಇನ್‌ಸ್ಪೆಕ್ಟರನ ಕೈ ಮಣಿಕಟ್ಟಿನವರೆಗೂ ಮುಳುಗಿತು. ಹೆಡ್ಲಿ ಗೋಡೆ ಹತ್ತಿ ಈಚೆಗೆ ಇಳಿದು ಅದನ್ನು ಕೆನ್ನೆಗೊತ್ತಿ ನೋಡಿದ.

"ಲೋ ವಾಟ್, ನವೆಂಬರಲ್ಲಿ ಆ ಟಗರನ್ನ ಒಂದೆರಡು ವಾರ ನಮ್ ಕುರಿಗಳ ಜೊತೆ ಬಿಡ್ತೀಯೇನೋ?"

"ನನ್ನೇನ್ ಕೇಳ್ತೀಯ? ಕುರಿ ಅವನ್ದು. ಅವನ್ನ ಕೇಳು."

ಇನ್‌ಸ್ಪೆಕ್ಟರ್ ತಲೆಯೆತ್ತಿ ವಾಟ್‌ನನ್ನು ಒಂದು ಕ್ಷಣ ನೋಡಿದ. ನಕ್ಕು, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಕುದುರೆಯತ್ತ ನಡೆದ.

"ಬಿಡ್ತೀನಿ, ಹೆಡ್ಲಿ ಮಾಮ," ಎಂದ ಗಿಲ್ಬರ್ಟ್. "ಬೋಳು ಮಾಡೋ ವಿದ್ಯೆ ಅದರ ಜೊತೆಗೇ ಬರುತ್ತೆ."

ವಾಟ್ ಕೋಟು ಬಿಚ್ಚಿ ಗೋಡೆಗೆ ಹಾಕಿದ. ಮುಂದಿನ ಕುರಿಯನ್ನು ತಾನೇ ಹಿಡಿದು ತಂದು ಮಗನ ಎದುರು ಮಂಡಿಯೂರಿದ. ಕೊನೆಯ ಕುರಿಯವರೆಗೂ ಇಬ್ಬರೂ ಹಾಗೆಯೇ ಎದುರುಬದುರು ಕೂತು ಉಣ್ಣೆ ಬಿಡಿಸಿದರು. ಇನ್‌ಸ್ಪೆಕ್ಟರನ ಮುಂದೆ ಅಪ್ಪ ಸುಳ್ಳು ಹೇಳಿದ್ದು ಏಕೆಂದು ತನಗೆ ಅರ್ಥವಾಗಿತ್ತು ಎಂಬುದನ್ನು ಗಿಲ್ಬರ್ಟ್ ಅವನಿಗೆ ಎಂದೂ ಹೇಳಲಿಲ್ಲ.